ಕೆಟ್ಟಿತೋ, ಕೆಡಿಸಿದರೋ?

ಇಂಗ್ಲಿಷ್ ವ್ಯಾಕರಣದ ಅಭ್ಯಾಸಕ್ಕೆ ಪರಿಸರದ ಪಾಠಗಳನ್ನು ಕೊಡುವುದು ಈಗ ವಾಡಿಕೆ. ಒಳ್ಳೆಯದೇ. ‘ಎಫ್ಲುಯೆಂಟ್’ ಎಂಬ ಪದಕ್ಕಾಗಿ ಡೊಂಬಿವಲಿಯ ಮಕ್ಕಳು ನಿಘಂಟು ತೆರೆಯಬೇಕಾಗಿಲ್ಲ, ಎಂ.ಐ.ಡಿ.ಸಿ. ಕಡೆಯ ಚರಂಡಿಯ ಬಳಿ ನಿಂತರೆ ಸಾಕು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದುದನ್ನು ಊರು ಮರೆತಿಲ್ಲ.

ಆದರೆ ಒಂದು ಅಭ್ಯಾಸ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಕಾರ್ಖಾನೆಗಳು ನದಿಯನ್ನು ಕೆಡಿಸಿದವು ಎಂಬ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸಬೇಕು. ‘ದಿ ರಿವರ್ ವಾಸ್ ಪಲ್ಯೂಟೆಡ್’ ಎಂದು ಬರೆದು, ‘ಬೈ’ ಎಂಬುದನ್ನೂ ಅದರ ಮುಂದಿನ ಹೆಸರನ್ನೂ ಬಿಟ್ಟರೂ ವ್ಯಾಕರಣ ತಪ್ಪುವುದಿಲ್ಲ. ನದಿ ಉಳಿಯಿತು, ಕೊಳೆ ಉಳಿಯಿತು, ಮಾಡಿದವರು ಮಾಯ! ಕಚೇರಿಯ ಟಿಪ್ಪಣಿಗಳಲ್ಲಿ ದಿನವೂ ಈ ಪ್ರಯೋಗ ಮಾಡುವ ನಮ್ಮಂಥ ಗುಮಾಸ್ತರಿಗೆ ಅದರ ಅನುಕೂಲ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಕರ್ಮಣಿಯ ಬಳಕೆ ಕಡಿಮೆ ಎಂದು ನಾವು ಬೀಗಬೇಕಿಲ್ಲ. ‘ಹೊಳೆ ಕೆಟ್ಟಿತು’ ಎಂದರೆ, ಹಾಲು ಕೆಟ್ಟಂತೆ ತಾನಾಗಿಯೇ ಕೆಟ್ಟಿತು ಎಂದಾಯಿತು. ‘ಕೆಡಿಸಿದರು’ ಎಂದರೆ ಮಾತ್ರ, ಹೆಸರು ಹೇಳದಿದ್ದರೂ, ಕ್ರಿಯಾಪದದ ಬಾಲದಲ್ಲಿ ಯಾರೋ ಇದ್ದಾರೆ. ‘ಯಾರು?’ ಎಂದು ಮಗು ಕೇಳಬಹುದು. ವಾಲಧುನಿ ನದಿಯನ್ನೇ ನೋಡಿ. ಅಂಬರನಾಥ, ಉಲ್ಹಾಸನಗರ ಹಾದು ಕಲ್ಯಾಣಕ್ಕೆ ಬರುವ ಆ ನೀರಿನಲ್ಲಿ ಕಾರ್ಖಾನೆಯ ರಸಾಯನವಷ್ಟೇ ಅಲ್ಲ, ಮನೆಮನೆಯ ಕೊಳಚೆಯೂ ಇದೆ. ಆಗ ‘ಕೆಡಿಸಿದರು’ ಎಂಬುದು ಸಾಲದೆ ‘ಕೆಡಿಸಿದೆವು’ ಎಂದೂ ಬರೆಯಬೇಕಾದೀತು.

ಶಾಲೆಯಲ್ಲಿ ಅಂಕಕ್ಕಾಗಿ ಮಕ್ಕಳು ಕರ್ಮಣಿಯನ್ನೇ ಬರೆಯಲಿ. ಅದೇ ವಾಕ್ಯವನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಿಸುವಾಗ ನಾವು ಕರ್ತೃಪದಕ್ಕೂ ಒಂದು ಅಂಕ ಇಟ್ಟಿದ್ದೇವೆ.