ಹಾಲು ಬಿಡಿಸುವ ತೀರ್ಮಾನ ಯಾರದು?

ಮಗುವಿಗೆ ಎದೆಹಾಲು ಬಿಡಿಸಿ ಡಬ್ಬಿ ಹಾಲು ಹಿಡಿಸುವುದು ಹೊರನೋಟಕ್ಕೆ ಒಂದು ಮನೆಯ ಚಿಕ್ಕ ಸಂಗತಿ. ಇಂದು ಇಡೀ ಊರಿನಲ್ಲಿ ಇದು ನಡೆಯುತ್ತದೆ, ಯಾರೂ ಬೆರಗಾಗುವುದಿಲ್ಲ. ಆದರೆ ಸ್ವಲ್ಪ ನಿಂತು ಯೋಚಿಸಿ ನೋಡಿ. ಹಾಲು ಬರುವುದು ತಾಯಿಯ ದೇಹದಿಂದ. ಅದರ ಹಕ್ಕುದಾರ ಮಗು. ಅದಕ್ಕೆ ಬೇಕಾದ ಅನ್ನಬಟ್ಟೆಯ ಹೊಣೆ ತಂದೆಯದು. ಹಾಗಾದರೆ ಅದನ್ನು ನಿಲ್ಲಿಸುವ ತೀರ್ಮಾನ ಯಾರದು? ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು?

ಹುಬ್ಬಳ್ಳಿ-ಧಾರವಾಡ ರಸ್ತೆಯ ಮೇಲಿರುವ ಸತ್ತೂರನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಊರು ಈಗ ಅವಳಿ ನಗರದ ಭಾಗ. 2003ರಲ್ಲಿ ಇಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಸುತ್ತಲಿನವರಿಗೆಲ್ಲ ಇದು ಆಸ್ಪತ್ರೆಯ ಊರು. ಇಂಥ ಊರಿನ ಒಬ್ಬ ತಾಯಿಯನ್ನು ಭಾವಿಸಿಕೊಳ್ಳಿ. ಹೆರಿಗೆಯಾಗಿ ಎರಡು ತಿಂಗಳು. ತವರಿನಿಂದ ಬಂದಿದ್ದಾಳೆ. ಗಂಡನ ದುಡಿಮೆ ಬಾಡಿಗೆಗೆ ಮತ್ತು ಸಾಲದ ಕಂತಿಗೆ ಸರಿಹೋಗುತ್ತದೆ. ಬಟ್ಟೆ ಹೊಲಿಯುವ ಕೆಲಸಕ್ಕೆ ಮರಳದಿದ್ದರೆ ಆ ಜಾಗ ಇನ್ನೊಬ್ಬಳಿಗೆ ಹೋಗುತ್ತದೆ. ಸಂಜೆ ಮಗು ಅಳುತ್ತದೆ. ನೆರೆಮನೆಯಾಕೆ, "ಕೂಸಿಗೆ ಹಾಲು ಸಾಲವಲ್ದು, ಒಂದ್ ಡಬ್ಬಿ ತರಿಸ್ಬಿಡವಾ" ಎನ್ನುತ್ತಾಳೆ. ಡಬ್ಬಿ ಬರುತ್ತದೆ. ಮುಂದೆ ಮಗುವಿಗೆ ಭೇದಿಯಾದರೆ ಅದೇ ಬಾಯಿಗಳು, "ಎಂಥ ತಾಯಿ ಇವಳು?" ಎನ್ನುತ್ತವೆ. ಇದು ನ್ಯಾಯವೇ?

ಪರಸ್ಪರ ಸಮ್ಮತಿ ಮತ್ತು ಸಮಾಲೋಚನೆ

ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತ ಈ ವಿಷಯವನ್ನೇ ಕುರಿತದ್ದು. ಅದರ ಸಾರ ಹೀಗಿದೆ: ಹಾಲೂಡಿಸುವ ಅವಧಿಯನ್ನು ಪೂರ್ತಿಗೊಳಿಸಲು ಬಯಸುವವರಿಗೆ ಎರಡು ವರ್ಷ. ಆ ಅವಧಿಯಲ್ಲಿ ತಾಯಿಯ ಅನ್ನ, ಬಟ್ಟೆಯ ಹೊಣೆ ತಂದೆಯದು. ಯಾರ ಮೇಲೂ ಶಕ್ತಿಮೀರಿದ ಭಾರವಿಲ್ಲ. ಮಗುವಿನ ನೆಪದಲ್ಲಿ ತಾಯಿಯನ್ನೂ ಪೀಡಿಸಬಾರದು, ತಂದೆಯನ್ನೂ ಪೀಡಿಸಬಾರದು. ಇಬ್ಬರೂ ಒಪ್ಪಿ, ಸಮಾಲೋಚಿಸಿ ಮೊದಲೇ ಹಾಲು ಬಿಡಿಸಿದರೆ ಅದರಲ್ಲಿ ಪಾಪವಿಲ್ಲ. ಬೇರೊಬ್ಬಳಿಂದ ಹಾಲು ಕುಡಿಸಿದರೂ ಪಾಪವಿಲ್ಲ, ಅವಳಿಗೆ ಸಲ್ಲಬೇಕಾದುದನ್ನು ಸರಿಯಾಗಿ ಸಲ್ಲಿಸಿದ್ದರೆ.

ಈ ಸೂಕ್ತ ಎಲ್ಲಿ ಬಂದಿದೆ ಎಂಬುದನ್ನು ಗಮನಿಸಿದ್ದೀರಾ? ತಲಾಕ್‌ನ ನಿಯಮಗಳ ನಡುವೆ. ಅಂದರೆ ಸಂಸಾರ ಮುರಿದುಬಿದ್ದಾಗಲೂ ಮಗುವಿನ ಹಾಲಿನ ವಿಷಯ ಬಂದರೆ ಇಬ್ಬರೂ ಕುಳಿತು ಮಾತಾಡಬೇಕು. ಬೇರೆಯಾದವರಿಗೇ ಹೀಗೆ ಎಂದ ಮೇಲೆ ಒಂದೇ ಸೂರಿನಡಿ ಬಾಳುವವರಿಗೆ ಎಷ್ಟರ ಮಟ್ಟಿಗೆ? ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಗಂಡ, "ಅದು ಹೆಂಗಸರ ವಿಷಯ" ಎಂದು ಎದ್ದು ಹೋಗುತ್ತಾನೆ. ಬಾಣಂತಿಯನ್ನುಳಿದು ಉಳಿದವರೆಲ್ಲ ತೀರ್ಮಾನಿಸುತ್ತಾರೆ. ಇಲ್ಲಿ ಸಮ್ಮತಿಯೂ ಇಲ್ಲ, ಸಮಾಲೋಚನೆಯೂ ಇಲ್ಲ.

ವಿದ್ವಾಂಸರೂ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಿಲ್ಲ. ಗಂಡನೊಂದಿಗೆ ಬಾಳುವ ತಾಯಿಗೆ ಹಾಲೂಡಿಸುವುದು ಸಾಮಾನ್ಯವಾಗಿ ಕಡ್ಡಾಯ ಎಂದರು ಮಾಲಿಕೀಗಳು. ಅಲ್ಲಾಹನ ಮುಂದೆ ಅದು ಅವಳ ಹೊಣೆ ನಿಜ, ಆದರೆ ಬೇರೆ ದಾರಿ ಇರುವಾಗ ನ್ಯಾಯಾಧೀಶನು ಅವಳನ್ನು ಬಲವಂತ ಮಾಡುವಂತಿಲ್ಲ ಎಂದರು ಹನಫೀಗಳು. ಶಾಫಿಈಗಳು ಮೊದಲ ಗಿಣ್ಣುಹಾಲನ್ನು ಕಡ್ಡಾಯಗೊಳಿಸಿದರು, ಸಾಮಾನ್ಯವಾಗಿ ಅದಿಲ್ಲದೆ ಮಗು ಬದುಕದು ಎಂಬ ಕಾರಣ ಕೊಟ್ಟು. ಆ ಹಳದಿ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲುವ ಮನೆಗಳು ಈ ಮಾತನ್ನು ಕೇಳಿಸಿಕೊಳ್ಳಲಿ.

ಇನ್ನೊಂದು ಸಂಗತಿ. ನಮ್ಮ ಪ್ರವಾದಿವರ್ಯರು(ಸ) ಶೈಶವದಲ್ಲಿ ಬೆಳೆದದ್ದು ಹಲೀಮಾ ಸಅದಿಯಾರ ಹಾಲಿನಲ್ಲಿ. ಅದಕ್ಕಾಗಿ ಆಮಿನಾರನ್ನು ಕಡಿಮೆ ತಾಯಿ ಎಂದವರು ಯಾರೂ ಇಲ್ಲ. ಹೀಗಿರುವಾಗ ತನ್ನ ಹಾಲು ಕೊಡಲಾಗದ ತಾಯಿಯನ್ನು ಹೀಯಾಳಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಹ. ಉಮರ್(ರ) ಅತ್ತ ರಾತ್ರಿ

ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಹ. ಉಮರ್‌ರ(ರ) ಆಡಳಿತದಲ್ಲಿ ಮಕ್ಕಳಿಗೆ ಖಜಾನೆಯಿಂದ ಭತ್ಯೆ ಸಿಗುತ್ತಿತ್ತು, ಆದರೆ ಹಾಲು ಬಿಟ್ಟ ಮೇಲೆ ಮಾತ್ರ. ಒಂದು ರಾತ್ರಿ ಮದೀನಾದ ಹೊರಗೆ ವರ್ತಕರ ತಂಡವೊಂದು ತಂಗಿತ್ತು. ಉಮರ್(ರ) ಅಬ್ದುರ್‍ರಹ್ಮಾನ್ ಬಿನ್ ಔಫ್‌ರೊಂದಿಗೆ(ರ) ಕಾವಲಿಗೆ ಹೋದರು. ಮಗುವೊಂದು ಅಳುವುದು ಕೇಳಿಸಿತು. ತಾಯಿಗೆ ಬುದ್ಧಿ ಹೇಳಿ ಬಂದರು. ಮತ್ತೆ ಅಳು, ಮತ್ತೆ ಬುದ್ಧಿಮಾತು. ರಾತ್ರಿಯ ಕೊನೆಗೆ ಮೂರನೆಯ ಬಾರಿ ಹೋಗಿ ಗದರಿಸಿದಾಗ, ಎದುರಿಗಿರುವವರು ಯಾರೆಂದು ತಿಳಿಯದ ಆಕೆ ನಿಜ ಹೇಳಿದಳು: ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ. ಮಗುವಿಗಿನ್ನೂ ಕೆಲವೇ ತಿಂಗಳು.

ಆ ಬೆಳಗಿನ ನಮಾಝಿನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಪಾರಾಯಣ ಜನರಿಗೆ ಸ್ಪಷ್ಟವಾಗಲಿಲ್ಲ. ತನ್ನ ನಿಯಮದಿಂದ ಎಷ್ಟು ಮಕ್ಕಳ ಪ್ರಾಣ ಹೋಗಿರಬಹುದೆಂದು ಅವರು ಪರಿತಪಿಸಿದರು. ಮಕ್ಕಳಿಗೆ ಅವಸರದಲ್ಲಿ ಹಾಲು ಬಿಡಿಸಬೇಡಿ, ಹುಟ್ಟಿದ ದಿನದಿಂದಲೇ ಭತ್ಯೆ ಸಿಗುತ್ತದೆ ಎಂದು ಸಾರಿಸಿದರು.

ಓದುಗರೇ, ಈ ಘಟನೆಯಲ್ಲಿ ಶಿಕ್ಷೆ ಯಾರಿಗಾಯಿತು? ತಾಯಿಗಲ್ಲ. ಉಮರ್(ರ) ಮೊದಲು ಅವಳನ್ನು ಗದರಿಸಿದ್ದು ನಿಜ. ಆದರೆ ಕಾರಣ ತಿಳಿದ ಕೂಡಲೇ ಬದಲಾಯಿಸಿದ್ದು ನಿಯಮವನ್ನು. ಹಾಲು ಬಿಡಿಸುವ ಕೈ ತಾಯಿಯದಾದರೂ ಆ ಕೈಯನ್ನು ದೂಡಿದ್ದು ಇನ್ನೊಂದು ಕೈ. ಆ ಕೈಗೂ ವಿಚಾರಣೆ ಇದೆ.

ಇಂದು ದೂಡುವ ಕೈಗಳು

ಒಂದನೆಯದು ವ್ಯಾಪಾರ. ಪುಡಿ ಹಾಲಿನ ಜಾಹೀರಾತಿನ ಹಾವಳಿ ಕಂಡು ವಿಶ್ವ ಆರೋಗ್ಯ ಸಭೆ 1981ರಲ್ಲಿ ಮಾರಾಟ ಸಂಹಿತೆಯೊಂದನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾಯ್ದೆ ಬಂತು, 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಇದರ ಪ್ರಕಾರ ಇಂಥ ಹಾಲಿನ ಜಾಹೀರಾತು ನಿಷಿದ್ಧ, ತಾಯಂದಿರಿಗೆ ಉಚಿತ ಮಾದರಿ ಹಂಚುವುದು ನಿಷಿದ್ಧ, ಡಬ್ಬಿಯ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರವೂ ನಿಷಿದ್ಧ. ಗಮನಿಸಿ, ಈ ಕಾನೂನು ತಾಯಿಯನ್ನು ಅಪರಾಧಿಯಾಗಿಸುವುದಿಲ್ಲ. ಅದು ಹಿಡಿಯುವುದು ಅವಳಿಗೆ ಆಮಿಷ ಒಡ್ಡುವವನನ್ನು.

ಎರಡನೆಯದು ದುಡಿಮೆಯ ಒತ್ತಡ. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಕಳೆ ಕೀಳುವವಳಿಗೆ, ಪರರ ಮನೆಯ ಪಾತ್ರೆ ತೊಳೆಯುವವಳಿಗೆ, ದಿನಗೂಲಿಗೆ ಇಟ್ಟಿಗೆ ಹೊರುವವಳಿಗೆ ಆ ರಜೆ ಕೊಡುವವರು ಯಾರು? ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಕೇವಲ ಎದೆಹಾಲು ಕುಡಿಯುತ್ತಿದ್ದವರು ಶೇ. 63.7. ಉಳಿದವರ ತಾಯಂದಿರೆಲ್ಲ ಮಮತೆ ಇಲ್ಲದವರೇ?

ಮೂರನೆಯದು ಅಜ್ಞಾನ. ಮಗು ಚೀಪಿದಷ್ಟೂ ಹಾಲು ಊರುತ್ತದೆ. ಬಾಟಲಿ ಹೊಟ್ಟೆ ತುಂಬಿಸಿದರೆ ಮಗು ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಬತ್ತುತ್ತದೆ. ಹಲವು ಸಲ "ಹಾಲು ಸಾಲದು" ಎಂಬ ಮಾತು ನಿಜವಾಗುವುದು ಡಬ್ಬಿ ಬಂದ ಮೇಲೆ! ಮಗು ದಿನಕ್ಕೆ ಆರು ಬಾರಿಗಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅಳುವೆಲ್ಲ ಹಸಿವೆಯಲ್ಲ.

ಡಬ್ಬಿಯೂ ಒಂದು ಅಮಾನತ್ತು

ಇನ್ನು, ನಿಜವಾಗಿಯೂ ಡಬ್ಬಿ ಬೇಕಾದ ತಾಯಂದಿರಿದ್ದಾರೆ. ಕ್ಯಾನ್ಸರ್ ಔಷಧಿ ಪಡೆಯುವವಳು, ಕಾಯಿಲೆಯಿಂದ ಹಾಲು ಬತ್ತಿದವಳು, ಎಷ್ಟು ಯತ್ನಿಸಿದರೂ ಸಾಧ್ಯವಾಗದವಳು. ಹೆರಿಗೆಯಲ್ಲಿ ತಾಯಿಯನ್ನೇ ಕಳೆದುಕೊಂಡ ಮಗುವೂ ಇದೆ. ಶಕ್ತಿಮೀರಿದ ಭಾರವಿಲ್ಲ ಎಂದ ಅದೇ ಸೂಕ್ತ ಇವರಿಗೂ ಅನ್ವಯ. ವೈದ್ಯರನ್ನು ಕೇಳಿ ಕೊಡಲಿ, ನಿಶ್ಚಿಂತೆಯಿಂದ ಕೊಡಲಿ. ಆದರೆ ಕೊಡುವಾಗ ಪ್ರಾಮಾಣಿಕತೆ ಬೇಕು. ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸುವುದು ಮಗುವಿನ ಹೊಟ್ಟೆಗೆ ಮಾಡುವ ಮೋಸ. ಹೊಟ್ಟೆ ತುಂಬಿದಂತೆ ಕಂಡ ಮಗು ಒಳಗೇ ಸೊರಗುತ್ತದೆ. ನೀರನ್ನು ಕುದಿಸಬೇಕು, ಬಿಸಿ 70 ಡಿಗ್ರಿಗೆ ಇಳಿಯುವ ಮೊದಲೇ ಪುಡಿ ಕಲಸಬೇಕು, ಏಕೆಂದರೆ ಪುಡಿಯೂ ಪೂರ್ತಿ ಕ್ರಿಮಿರಹಿತವಲ್ಲ. ಕುಡಿಸುವ ಮೊದಲು ಆರಿಸಿ, ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಬೇಕು. ಇದಕ್ಕೆಲ್ಲ ಹಣ, ಉರುವಲು, ಸಮಯ ಬೇಕು. ಅದನ್ನು ಒದಗಿಸುವುದು ತಂದೆಯ ಹೊಣೆ. ಎದೆಹಾಲಿನ ಕಾಲದಲ್ಲಿ ತಾಯಿಯ ಅನ್ನ ಅವನ ಮೇಲಿತ್ತು, ಈಗ ಡಬ್ಬಿಯ ಖರ್ಚೂ ರಾತ್ರಿಯ ನಿದ್ದೆಗೇಡೂ ಅವನ ಪಾಲಿಗೆ ಬರುತ್ತವೆ.

ಸಹೋದರರೇ, ನಿಮ್ಮ ಮನೆಯಲ್ಲಿ ಹಾಲು ಬಿಡಿಸುವ ಮಾತು ಬಂದಾಗ ಎದ್ದು ಹೋಗಬೇಡಿ. ಪತ್ನಿಯ ಪಕ್ಕ ಕುಳಿತು ಕೇಳಿ: ನಿನಗೆ ಏನು ಕಷ್ಟ? ನಾನೇನು ಮಾಡಿದರೆ ನಿನ್ನಿಂದ ಸಾಧ್ಯವಾದೀತು? ಅತ್ತೆಯಂದಿರೇ, ಬಾಣಂತಿಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಅವಳ ಕೈಯ ಕೆಲಸ ಒಂದಿಷ್ಟು ಇಳಿಸಿ. ಕೆಲಸಕ್ಕಿಟ್ಟುಕೊಂಡವರೇ, ಹಾಲೂಡಿಸುವ ತಾಯಿಗೆ ಅರ್ಧ ಗಂಟೆ ಬಿಡುವು ಕೊಟ್ಟರೆ ನಿಮ್ಮ ಅಂಗಡಿ ಮುಳುಗುವುದಿಲ್ಲ. ತಾಯಂದಿರೇ, ಸಾಧ್ಯವಿದ್ದಷ್ಟು ಕಾಲ ಕೊಡಿ. ಸಾಧ್ಯವಾಗದಿದ್ದರೆ ಪಾಪಪ್ರಜ್ಞೆಯನ್ನು ಹಾಲಿನೊಂದಿಗೆ ಬೆರೆಸಿ ಕುಡಿಸಬೇಡಿ.

ಮಗುವಿಗೆ ಮಾತು ಬಾರದು. ಅದರ ಅಳುವನ್ನು ಕೇಳಿ, ತಾಯಿಯನ್ನು ಬಯ್ಯುವ ಮೊದಲು ಕಾರಣ ಹುಡುಕುವ ಮನಸ್ಸನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ.