ಕರ್ಣಕುಂಡಲದ ಗುರುತು

ಬಾಬಾಬುಡನ್‌ಗಿರಿ ಸಾಲಿನ ಕಾಡಂಚಿನಲ್ಲೂ ಹುಲ್ಲುಗಾವಲಿನ ತೇವದ ಬದಿಗಳಲ್ಲೂ ಮಳೆಗಾಲದಲ್ಲಿ ಅರಳುವ ಕರ್ಣಕುಂಡಲ ಒಂದೇ ಋತು ಬಾಳುವ ಗಿಡ. ಮಳೆ ಹಿಂದೆ ಸರಿದ ಮೇಲೆ ಅದು ಬೇರುಸಹಿತ ಒಣಗುತ್ತದೆ. ಮರುವರ್ಷ ಅಲ್ಲೇ ಕಾಣುವುದು ಬೇರೆ ಗಿಡ. ಆದರೂ ನೋಡಿದವರು ‘ಇದು ಅದೇ ಹೂ’ ಎನ್ನುತ್ತಾರೆ. ಈ ‘ಅದೇ’ ಎಂದರೆ ಯಾವುದು ಎಂಬುದು ನೈಯಾಯಿಕರೂ ಬೌದ್ಧರೂ ಶತಮಾನಗಳ ಕಾಲ ವಾದಿಸಿದ ಪ್ರಶ್ನೆ.

ಯಾವುದನ್ನೇ ಗುರುತಿಸಲು ಲಕ್ಷಣ ಬೇಕು ಎನ್ನುತ್ತದೆ ನ್ಯಾಯಶಾಸ್ತ್ರ. 17ನೇ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ಕ್ಕೆ ತಾನೇ ಬರೆದ ದೀಪಿಕೆಯಲ್ಲಿ ಇದಕ್ಕೆ ಹಸುವಿನ ಉದಾಹರಣೆ ಕೊಡುತ್ತಾನೆ. ಕಪಿಲ ಬಣ್ಣದ್ದು ಹಸು ಎಂದರೆ ಬೇರೆ ಬಣ್ಣದ ಹಸುಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬಿದ್ದದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ನಿಲ್ಲುವ ಲಕ್ಷಣ ಗಂಗೆದೊಗಲು. ಅಜ್ಜಂಪುರದ ತಳಿಕೇಂದ್ರದಲ್ಲಿರುವ ಅಮೃತಮಹಲ್ ರಾಸುಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಹಿಂದಕ್ಕೆ ಬಾಗಿದ ನೀಳ ಕೊಂಬು. ಆದರೆ ಅವು ಹಸುಗಳೆಂದು ಹೇಳುವುದು ಕತ್ತಿನ ಕೆಳಗಿನ ತೆಳು ತೊಗಲು.

ಹೂವಿಗೂ ಇದೇ ಪರೀಕ್ಷೆ. ಗುಲಾಬಿ ಬಣ್ಣ ಲಕ್ಷಣವಾಗದು, ಬಿಳಿ ಕರ್ಣಕುಂಡಲವೂ ಉಂಟು. ಹೂವಿನ ಹಿಂದೆ ಬಾಗಿ ಇಳಿಯುವ ಮಕರಂದದ ಸಪೂರ ಕೊಳವೆಯೂ ಸಾಲದು. ಕರ್ಣಕುಂಡಲದ ಕುಲದ ಇತರ ಹೂಗಳಲ್ಲೂ ಅದಿದೆ, ಭಾರತದಲ್ಲೇ ಆ ಕುಲದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಎಲೆ ನೋಡಬೇಕು: ಗರಗಸದಂಚಿನ ನೀಳ ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದು ಹೊರಡುತ್ತವೆ. ಜೌಗಿನ ಹುಲ್ಲಿನಲ್ಲಿ ಬೆಳೆಯುವ ಅದರ ಒಬ್ಬ ದಾಯಾದಿಗೆ ಎಲೆಗಳು ಎದುರುಬದುರು. ಕೊನೆಗೆ ಕಾಯಿ: ಕರ್ಣಕುಂಡಲದ್ದು ನವಿರು ರೋಮದ ಕಾಯಿ, ದಾಯಾದಿಯದು ನುಣುಪು. ಬಲಿತ ಕಾಯಿಯನ್ನು ಬೆರಳು ಸೋಕಿದರೆ ಸಾಕು, ಸಿಪ್ಪೆ ಐದು ಸೀಳಾಗಿ ಸುರುಳಿಸುತ್ತಿ ಬೀಜಗಳನ್ನು ಸಿಡಿಸುತ್ತದೆ. 1753ರಲ್ಲಿ ಲಿನೇಯಸ್ ‘ಇಂಪೇಷಿಯನ್ಸ್ ಬಾಲ್ಸಮಿನಾ’ ಎಂದು ಹೆಸರಿಸಿದಾಗ, ‘ತಾಳ್ಮೆಯಿಲ್ಲದ’ ಎಂಬರ್ಥದ ಮೊದಲ ಪದದಲ್ಲಿರುವುದು ಈ ತಾಳ್ಮೆಗೆಟ್ಟ ಕಾಯಿಯೇ. ಒಣಗಿಸಿ ಹಾಳೆಗಂಟಿಸಿದ ಹೂ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಇದನ್ನು ಬದುಕಿರುವಾಗಲೇ ಗುರುತಿಸುವುದು ಮೇಲು.

ಗಿಡ ಸತ್ತ ಮೇಲೆ ಉಳಿಯುವುದೇನು? ಪದದ ಅರ್ಥದಲ್ಲಿ ವ್ಯಕ್ತಿ (ಬಿಡಿ ವಸ್ತು), ಆಕೃತಿ, ಜಾತಿ (ಅಂಥವೆಲ್ಲಕ್ಕೂ ಸಾಮಾನ್ಯವಾದದ್ದು) ಮೂರೂ ಸೇರಿವೆ ಎನ್ನುತ್ತದೆ ನ್ಯಾಯಸೂತ್ರ. ವ್ಯಕ್ತಿ ಅಳಿದರೂ ಜಾತಿ ನಿತ್ಯ. ‘ಅದೇ ಹೂ’ ಎಂದಾಗ ಕಂಡದ್ದು ಆ ಜಾತಿಯನ್ನು. ಬೌದ್ಧ ತಾರ್ಕಿಕ ದಿಙ್ನಾಗನ ಮತದಲ್ಲಿ ಅಂಥ ನಿತ್ಯವಸ್ತುವೇ ಇಲ್ಲ. ಹೆಸರು ಮಾಡುವ ಕೆಲಸ ಉಳಿದವನ್ನು ಹೊರಗಿಡುವುದಷ್ಟೇ. ಎಲೆ, ಕಾಯಿ ನೋಡಿ ಒಂದೊಂದನ್ನೇ ತಳ್ಳಿಹಾಕುವ ಕ್ರಮ ಅವನ ಮಾತಿಗೆ ತೀರ ಹತ್ತಿರ. ಆದರೆ ಬರೀ ತಳ್ಳಿಹಾಕುವಿಕೆಯಿಂದ ಮುಂದಿನ ಜೂನ್‌ನಲ್ಲಿ ಮೊಳಕೆ ಬಾರದು. ಬೌದ್ಧರೇ ಹೇಳುವ ಬೀಜ–ಅಂಕುರಗಳ ಸಂತಾನ, ಅಂದರೆ ಕಡಿಯದ ಸರಣಿ, ಇಲ್ಲಿ ಹೆಚ್ಚು ಒಪ್ಪುತ್ತದೆ: ಹಿಂದಿನ ಗಿಡವೂ ಇದಲ್ಲ, ಅದರೊಂದಿಗೆ ನಂಟಿಲ್ಲದ್ದೂ ಅಲ್ಲ.

ಆ ಸಂತಾನ ವರ್ಷದ ಅರ್ಧಭಾಗ ಮಣ್ಣಿನಲ್ಲಿ ಬೀಜವಾಗಿಯೇ ಇರುತ್ತದೆ. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಈ ಹೂ ಕಂಡವರು ಬಾಗಿ ನೋಡಲಿ, ಕೀಳದಿರಲಿ. ಕಿತ್ತ ಹೂ ಕಾಯಿ ಕಟ್ಟುವುದಿಲ್ಲ.