ಯಾರಿಗೆ ಹೇಳಲಿ, ಎಷ್ಟು ಹೇಳಲಿ

ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿರುವುದನ್ನು ರೋಗಿಯಿಂದ ಮುಚ್ಚಿಡುವುದು ನಮ್ಮ ಸಂಸ್ಕೃತಿ, ಮುಖಕ್ಕೆ ಹೇಳಿಬಿಡುವುದು ಪಾಶ್ಚಾತ್ಯರ ರೀತಿ ಎಂದು ಓದಿದವರೇ ಹೇಳುವಾಗ ನನಗೆ ಸಿಟ್ಟು ಬರುತ್ತದೆ. 1961ರಲ್ಲಿ ಡೊನಾಲ್ಡ್ ಓಕನ್ ಶಿಕಾಗೋದ ಆಸ್ಪತ್ರೆಯೊಂದರ ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು 90 ಮಂದಿ ‘ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಮೇಲು’ ಎಂದಿದ್ದರು. 1979ರಲ್ಲಿ ಅದೇ ಪ್ರಶ್ನೆಗಳನ್ನು ರೋಚೆಸ್ಟರ್‌ನಲ್ಲಿ ಕೇಳಿದಾಗ 97 ಮಂದಿ ‘ಹೇಳುತ್ತೇವೆ’ ಎಂದರು. ಹದಿನೆಂಟು ವರ್ಷದಲ್ಲಿ ಹೀಗೆ ಮಗುಚಿಕೊಂಡದ್ದನ್ನು ಯಾರ ಸಂಸ್ಕೃತಿ ಎಂದು ಕರೆಯುವುದು?

ಸುಳ್ಳು ಯಾವಾಗಲೂ ತಪ್ಪೆಂದ ಕಾಂಟ್, ಅಪ್ರಿಯ ಸತ್ಯ ಬೇಡವೆಂದ ಮನು, ಇಬ್ಬರೂ ರೋಗಿಯ ಮಂಚದ ಬಳಿ ನನಗೆ ನೆರವಾಗಿಲ್ಲ. ನಾನು ಗುದ್ದಾಡಬೇಕಾದವನು ಮ್ಯಾಂಚೆಸ್ಟರಿನ ವೈದ್ಯ ಥಾಮಸ್ ಪರ್ಸಿವಲ್. ಅಮೆರಿಕದ ವೈದ್ಯಕೀಯ ಸಂಘ 1847ರಲ್ಲಿ ತನ್ನ ನೀತಿಸಂಹಿತೆ ಬರೆದದ್ದೇ ಅವನ 1803ರ ಪುಸ್ತಕವನ್ನು ನೆಚ್ಚಿ. ಅವನ ವಾದ ಹೀಗೆ: ದೊಡ್ಡ ಸಂಸಾರದ ತಂದೆಗೆ ನಿಜ ಹೇಳಿದರೆ ಜೀವಕ್ಕೇ ಅಪಾಯ ಎನ್ನುವಂತಿದ್ದರೆ, ಆ ನಿಜದ ಮೇಲೆ ಅವನಿಗಿರುವ ಹಕ್ಕೇ ಇಲ್ಲವಾಗುತ್ತದೆ.

ಸಂಸಾರ ಯಾರ ಹೆಗಲ ಮೇಲಿದೆಯೋ ಅವನಿಗೇ ಅಲ್ಲವೇ ಮೊದಲು ಗೊತ್ತಾಗಬೇಕಾದದ್ದು? ನಮ್ಮ ದೊಡ್ಡಪ್ಪನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಮಕ್ಕಳು ಹೇಳಿದ್ದು ಅಲ್ಸರ್ ಎಂದು. ಪಾಲಿನ ಮಾತು ಬಂದಾಗಲೆಲ್ಲ ‘ಸ್ವಲ್ಪ ಸುಧಾರಿಸ್ಕೋತೀನಿ, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಜಮೀನು ಈಗ ಕೋರ್ಟಿನಲ್ಲಿದೆ. ನನಗೆ ಅದಕ್ಕಿಂತ ಸಂಕಟವಾಗುವುದು ಬೇರೆ: ಖಾರ ಬಿಟ್ಟು, ಕಾಫಿ ಬಿಟ್ಟು, ‘ಇಷ್ಟು ಪಥ್ಯ ಮಾಡಿದ್ರೂ ಯಾಕೆ ವಾಸಿಯಾಗ್ತಿಲ್ಲ? ನಾನೇ ಎಲ್ಲೋ ತಪ್ಪಿದೀನಿ’ ಎಂದು ಅವರು ಕೊನೆತನಕ ತಮ್ಮನ್ನೇ ಬೈದುಕೊಂಡರು. ಪರ್ಸಿವಲ್‌ನ ಲೆಕ್ಕದಲ್ಲಿ ಈ ನೋವಿಗೆ ಜಾಗವಿಲ್ಲ.

ಆದರೂ ಅವನನ್ನು ತಳ್ಳಿಹಾಕಲಾರೆ. ಸುಳ್ಳು ಹೇಳುವ ವೈದ್ಯನೂ ಏನನ್ನೋ ಕಳೆದುಕೊಳ್ಳುತ್ತಾನೆಂದು ಅವನು ಒಪ್ಪಿದ್ದ. ಜೊತೆಗೆ ನನ್ನ ಅತ್ತೆಯ ಮಾತಿದೆ. ರಿಪೋರ್ಟ್ ಬಂದ ದಿನ ಅವರು, ‘ಏನಿದ್ರೂ ನಮ್ಮ ಯಜಮಾನ್ರ ಹತ್ರ ಮಾತಾಡಿ ಡಾಕ್ಟ್ರೇ, ನಂಗೆ ಬೇಡ’ ಎಂದರು. ಅಷ್ಟು ಹೊತ್ತಿಗಾಗಲೇ ಒಡವೆಗಳನ್ನು ಹೆಣ್ಣುಮಕ್ಕಳಿಗೆ ಹಂಚಿ ಮುಗಿಸಿದ್ದರು. ಅವರನ್ನು ಕೂರಿಸಿ ನಿಜ ಹೇಳಿದ್ದರೆ ಅದು ಅವರಿಗೆ ಮಾಡುವ ಅವಮಾನವೇ ಆಗುತ್ತಿತ್ತು. ನಿಜ ರೋಗಿಯದೇ ಸೊತ್ತು ಎನ್ನುವುದಾದರೆ ಬೇಡವೆನ್ನುವ ಅಧಿಕಾರವೂ ಅವರದೇ.

ಹಾಗಾದರೆ ರೋಗಿಯನ್ನೇ ಕೇಳಿದರಾಯಿತು ಎಂದುಕೊಂಡಿದ್ದೆ. ಆದರೆ ‘ನಿಮಗೆ ಎಷ್ಟು ತಿಳಿಯಬೇಕು?’ ಎಂದು ಡಾಕ್ಟರು ಒಳ್ಳೆಯ ಸುದ್ದಿಗೆ ಕೇಳುವುದಿಲ್ಲ. ಕೇಳಿದ ಕ್ಷಣವೇ ಹೇಳಿದಂತಾಯಿತು. ಆದ್ದರಿಂದ ಕೇಳುವುದಿದ್ದರೆ ಬಯಾಪ್ಸಿಗೆ ಮುಂಚೆಯೇ, ಫಲ ಯಾರಿಗೂ ಗೊತ್ತಿಲ್ಲದಾಗ ಕೇಳಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಆಗ ‘ಎಲ್ಲ ಹೇಳಿ’ ಎಂದವರು ರಿಪೋರ್ಟ್ ಕಂಡು ಮುಖ ತಿರುಗಿಸಬಹುದು, ‘ಬೇಡ’ ಎಂದವರು ನೋವು ಏರಿದ ಮೇಲೆ ಕೇಳಬಹುದು. ಯಾವ ಮಾತನ್ನು ಹಿಡಿಯಬೇಕೆಂಬುದಕ್ಕೆ ನನ್ನಲ್ಲಿ ನಿಯಮವಿಲ್ಲ. ಮನೆಯವರಲ್ಲೂ ವೈದ್ಯರಲ್ಲೂ ಒಂದೇ ವಿನಂತಿ: ಬಾಯಿಬಿಟ್ಟು ಕೇಳಿದವರಿಗೆ ಸುಳ್ಳು ಹೇಳಬೇಡಿ.